ಕ್ಯಾರವಾನ್ ಛಾವಣಿಯ ಸೋರಿಕೆ ನಿಂತದ್ದು ಹೀಗೆ

ಉಡುಪಿಯ ಆಟಿ ತಿಂಗಳ ಮಳೆಗೆ, ಮಲಗುವ ಸೌಕರ್ಯವಿರುವ ವಾಹನವಾದ ಕ್ಯಾರವಾನ್‌ನ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಮೇಲಿನ ಪ್ಲೈವುಡ್ಡಿನಲ್ಲಿ ಕಂದು ಕಲೆ. ಸಿಲಿಕೋನ್ ಅಂಟು ಮೆತ್ತಿದರೆ ಅಂಚು ಎದ್ದಿತು, ಡಾಂಬರು ಹಾಳೆ ಬಿರಿಯಿತು. ಪೈಪಿನಿಂದ ತಗ್ಗಿನ ಕಡೆಯಿಂದ ಮೇಲಕ್ಕೆ ನಿಧಾನವಾಗಿ ನೀರು ಬಿಟ್ಟು ನೋಡಿದಾಗ, ಸೋರುತ್ತಿದ್ದದ್ದು ಗಾಳಿಕಿಂಡಿಯ ಚೌಕಟ್ಟಿನಡಿಯಿಂದ ಎಂದು ಗೊತ್ತಾಯಿತು.

ಚೌಕಟ್ಟನ್ನೇ ಬಿಚ್ಚಬೇಕು. ಹಳೆಯ ಸಿಲಿಕೋನನ್ನು ಪೂರ್ತಿ ಕೆರೆದು ತೆಗೆಯಿರಿ. ತೆಳು ಪದರ ಉಳಿದರೂ ಹೊಸ ಅಂಟು ಹಿಡಿಯುವುದಿಲ್ಲ. ಒದ್ದೆ ಮರ ಚೆನ್ನಾಗಿ ಒಣಗಲಿ. ಅಲ್ಯೂಮಿನಿಯಂ ತಗಡನ್ನು ಅಸಿಟೋನಿನಲ್ಲಿ ಒರೆಸಿ, ಚೌಕಟ್ಟಿನಡಿ ಬ್ಯುಟೈಲ್ ಪಟ್ಟಿ (ಮೆತ್ತನೆಯ, ಅಂಟುವ ರಬ್ಬರ್ ಪಟ್ಟಿ) ಹಾಕಿ. ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಪಟ್ಟಿ ಸುತ್ತಲೂ ಒಂದೇ ಸಮನೆ ಹೊರಗೆ ಉಬ್ಬಿದಾಗ ನಿಲ್ಲಿಸಿ. ಮಾರನೆಯ ದಿನ ಮತ್ತೊಮ್ಮೆ ಬಿಗಿದು, ಉಬ್ಬಿದ್ದನ್ನು ಕತ್ತರಿಸಿ ಒರೆಸಿ. ಕೊನೆಗೆ ಅಂಚಿಗೂ ತಿರುಪಿನ ತಲೆಗಳಿಗೂ ಸಂದು ಮುಚ್ಚುವ ಪಾಲಿಯುರೆಥೇನ್ ಸೀಲಂಟ್ ಹಚ್ಚಿ.