ಮದುವೆಯ ವಾರ್ಷಿಕೋತ್ಸವಕ್ಕೆ ಧಾರೆ ಸೀರೆ ಹೊರಗೆ ತೆಗೆಯಿರಿ

ಹೋದ ತಿಂಗಳು ತಂಗಿಯ ಮಗಳ ಮನೆಗೆ ಹೋಗಿದ್ದೆ. ಅವಳ ಮದುವೆಯಾಗಿ ಐದು ವರ್ಷ. ಬಲೂನು ಕಟ್ಟಿದ್ದರು, ದೊಡ್ಡ ಕೇಕು ಬಂದಿತ್ತು. ಅದಕ್ಕೆ ನನ್ನ ತಕರಾರಿಲ್ಲ. "ಧಾರೆ ಸೀರೆ ಉಟ್ಟುಕೊಂಡು ಬಾ, ಇಬ್ಬರಿಗೂ ಆರತಿ ಮಾಡ್ತೀನಿ" ಅಂದೆ. "ಅದು ಬೀರುವಿನಲ್ಲಿ ಎಲ್ಲೋ ಇದೆ ದೊಡ್ಡಮ್ಮ, ಮದುವೆ ಆದಮೇಲೆ ತೆಗೆದೇ ಇಲ್ಲ" ಅಂದಳು. ನಾನೇ ಹೋಗಿ ಹುಡುಕಿದೆ. ಜಿಪ್ ಹಾಕಿದ ಪ್ಲಾಸ್ಟಿಕ್ ಚೀಲ. ಒಳಗೆ ಕಬ್ಬಿಣದ ಹ್ಯಾಂಗರಿಗೆ ನೇತುಹಾಕಿದ ಸೀರೆ, ತಳದಲ್ಲಿ ನಾಲ್ಕು ನುಸಿಗುಳಿಗೆ. ಜರಿ ಕಪ್ಪಾಗಿತ್ತು. ಸೆರಗು ಬಿಡಿಸಿದರೆ ಮಡಿಕೆಯ ಗೆರೆಯಲ್ಲೇ ಪರ್ ಅಂತ ಬಿಟ್ಟಿತು. ಅವಳು ಅತ್ತಳು. ನನಗೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ.

ನಮ್ಮ ಕಾಲದಲ್ಲಿ ಈ ದಿನವನ್ನು ಯಾರೂ ಊರಿಗೆ ಸಾರುತ್ತಿರಲಿಲ್ಲ. ಬೆಳಿಗ್ಗೆ ಎಣ್ಣೆಸ್ನಾನ, ದೇವಸ್ಥಾನ, ಮಧ್ಯಾಹ್ನ ಶಾವಿಗೆ ಪಾಯಸ, ಸಂಜೆ ಹಸೆಮಣೆ ಹಾಕಿ ಆರತಿ. ಇಷ್ಟೇ. ತಾರೀಖು ನೋಡುತ್ತಿರಲಿಲ್ಲ, ತಿಥಿ ನೋಡುತ್ತಿದ್ದೆವು. ಚಾಂದ್ರಮಾನ ವರ್ಷ ಸುಮಾರು 11 ದಿನ ಕಡಿಮೆ. ಹಾಗಾಗಿ ತಿಥಿ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತದೆ, ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಬರುತ್ತದೆ. 19 ವರ್ಷಕ್ಕೊಮ್ಮೆ ತಿಥಿ, ತಾರೀಖು ಎರಡೂ ಹೆಚ್ಚುಕಮ್ಮಿ ಒಂದೇ ದಿನ ಕೂಡುತ್ತವೆ. ನಮ್ಮ ಮದುವೆ 1979ರ ವೈಶಾಖದಲ್ಲಿ. 1998ರಲ್ಲಿ ಒಮ್ಮೆ ಹಾಗೆ ಕೂಡಿತು, 2017ರಲ್ಲಿ ಇನ್ನೊಮ್ಮೆ. ಎರಡು ಸಲವೂ ನಮ್ಮವರು ಪಂಚಾಂಗ ಹಿಡಿದುಕೊಂಡು ಅಡುಗೆಮನೆಗೇ ಬಂದು ತೋರಿಸಿದರು. ನಿಮ್ಮ 19ನೇ ವರ್ಷ ಬಂದಾಗ ಪಂಚಾಂಗ ತೆರೆದು ನೋಡಿ.

ಸರಿ, ಸೀರೆಗೆ ಬರೋಣ. ನನ್ನದು ಮೈಸೂರು ರೇಷ್ಮೆ. 1912ರಲ್ಲಿ ನಾಲ್ವಡಿಯವರು ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಶುರುಮಾಡಿಸಿದ ಕಾರ್ಖಾನೆಯದು. ಆ ಜರಿಯಲ್ಲಿ ನೂರಕ್ಕೆ ಚಿನ್ನ ಬರೀ 0.65 ಭಾಗ. ಬೆಳ್ಳಿ 65 ಭಾಗ. ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಅಸಲಿ ಜರಿ ಅಂದರೆ ಬೆಳ್ಳಿ, ಬೆಳ್ಳಿಗೆ ಆಗದ್ದು ಜರಿಗೂ ಆಗದು. ಸೆಂಟು ಹೊಡೆದುಕೊಳ್ಳುವುದಿದ್ದರೆ ಸೀರೆ ಉಡುವ ಮೊದಲೇ ಹೊಡೆದುಕೊಳ್ಳಿ. ರಬ್ಬರ್ ಬ್ಯಾಂಡ್ ಹತ್ತಿರ ತರಬೇಡಿ, ಅದರಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಬೆಳ್ಳಿ ಕುಂಕುಮಭರಣಿ ಉಡುಗೊರೆ ಕೊಡುವಾಗ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಕೊಡುತ್ತಾರಲ್ಲ, ಆರು ತಿಂಗಳಿಗೆ ಅದರ ಗೆರೆ ಅಚ್ಚೊತ್ತಿರುತ್ತದೆ. ಅಂದಹಾಗೆ ಬೆಳ್ಳಿ ದೀಪಕ್ಕೆ ಹುಣಸೆಹಣ್ಣು ಹಾಕಿ ತಿಕ್ಕುವವರನ್ನೂ ನೋಡಿದ್ದೇನೆ. ಹುಣಸೆ ಹಿತ್ತಾಳೆ, ತಾಮ್ರಕ್ಕೆ. ಬೆಳ್ಳಿಗೆ ವಿಭೂತಿ ಪುಡಿ, ಒಂದು ಮೆತ್ತನೆ ಬಟ್ಟೆ. ಗೀರು ಬೀಳುವ ಹಾಗೆ ಉಜ್ಜಬೇಡಿ.

ಸೀರೆಯನ್ನು ಬೆಳಿಗ್ಗೆಯೇ ತೆಗೆದು ನೆರಳಲ್ಲಿ ಗಾಳಿಗೆ ಹಾಕಿ, ಸಂಜೆ ಉಡಿ. ಬಿಸಿಲಿಗೆ ಬೇಡ, ಬಣ್ಣ ಹೋಗುತ್ತದೆ. ಆರತಿ ಹೊತ್ತಿನಲ್ಲಿ ಕುಂಕುಮ ಬಿದ್ದರೆ ನೀರು ಮುಟ್ಟಿಸಬೇಡಿ. ಒಣಗಿದ್ದನ್ನು ಹಾಗೇ ಕೊಡವಿ. ಒದ್ದೆ ಕೈಯಲ್ಲಿ ಒರೆಸಿದರೆ ಆ ಕೆಂಪು ಜನ್ಮಕ್ಕೂ ಹೋಗುವುದಿಲ್ಲ. ರಾತ್ರಿ ಬಿಚ್ಚಿದ ತಕ್ಷಣ ಮಡಿಸಲೂ ಬಾರದು. ಹಗ್ಗದ ಮೇಲೆ ಮೊದಲು ಒಂದು ಪಂಚೆ ಹಾಸಿ, ಅದರ ಮೇಲೆ ಸೀರೆ ಹಾಕಿ, ರಾತ್ರಿಯೆಲ್ಲ ಬಿಡಿ. ಬೆವರು ಆರಬೇಕು.

ಮಡಿಸುವುದು ಮಾರನೇ ದಿನ. ಇದನ್ನು ನನಗೆ ಕಲಿಸಿದ್ದು ನಮ್ಮ ಅತ್ತೆ. ಮಕ್ಕಳನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಮುಂದಕ್ಕೆ ಮಾಡಿ, ಮಾವನವರನ್ನು ಕರೆದು ಎದುರು ನಿಲ್ಲಿಸುತ್ತಿದ್ದರು. ಒಬ್ಬರಿಂದ ಆಗುವ ಕೆಲಸವಲ್ಲ ಇದು. ಗಂಡ ಒಂದು ತುದಿ, ಹೆಂಡತಿ ಒಂದು ತುದಿ. ಕೈಗೆ ಎಣ್ಣೆ, ಕ್ರೀಮು ಇರಬಾರದು. ಉಂಗುರ ತೆಗೆದಿಡಿ, ಜರಿಗೆ ಸಿಕ್ಕಿಕೊಳ್ಳುತ್ತದೆ. ಒಳಮಗ್ಗುಲು ಹೊರಗೆ ಬರುವಂತೆ ಮಡಿಸಿ, ಜರಿ ಒಳಗೇ ಇರಲಿ. ಈಗ ಮುಖ್ಯವಾದ ಮಾತು. ಹೋದ ವರ್ಷದ ಮಡಿಕೆಯ ಮೇಲೆ ಈ ವರ್ಷದ ಮಡಿಕೆ ಬೀಳಲೇಬಾರದು. ರೇಷ್ಮೆ ಸೀಳುವುದು ಅಲ್ಲೇ. ಒಂದು ವರ್ಷ ಅಗಲಕ್ಕೆ ಎರಡು ಪದರ ಮಾಡಿದರೆ, ಮುಂದಿನ ವರ್ಷ ಮೂರು ಪದರ. ಎಷ್ಟು ಮಾಡಿದ್ದೆವು ಅನ್ನುವುದು ಮರೆತುಹೋಗುತ್ತದೆ, ಅಲ್ವಾ? ಅದಕ್ಕೆ ಅತ್ತೆ ಸುತ್ತುಬಟ್ಟೆಯ ಮೂಲೆಯಲ್ಲಿ ಗಂಟು ಹಾಕುತ್ತಿದ್ದರು. ಎರಡು ಗಂಟಿದ್ದರೆ ಎರಡು ಪದರ, ಮೂರಿದ್ದರೆ ಮೂರು. ನಾನೂ ಹಾಗೇ ಮಾಡುತ್ತೇನೆ. ಇನ್ನು ಉದ್ದಕ್ಕೆ ಮಡಿಸುವಾಗ ಪ್ರತಿ ತಿರುವಿನಲ್ಲೂ ಹಳೇ ಮಲ್ ಬಟ್ಟೆಯನ್ನು ಕಿರುಬೆರಳಿನಷ್ಟು ದಪ್ಪ ಸುರುಳಿ ಮಾಡಿ ಇಡಿ. ಮಡಿಕೆ ದುಂಡಗೆ ನಿಲ್ಲಬೇಕು. ಕೈಯಿಂದ ಒತ್ತಿ ಗೆರೆ ಮಾಡಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ.

ಸುತ್ತುವುದಕ್ಕೆ ನಾನು ಬಳಸುವುದು ನಮ್ಮವರ ಧಾರೆ ಪಂಚೆ. ಉಟ್ಟು ಉಟ್ಟು ಬೆಣ್ಣೆಯ ಹಾಗೆ ಮೆತ್ತಗಾಗಿದೆ. ನಿಮ್ಮ ಮನೆಯ ಯಾವ ಹತ್ತಿ ಬಟ್ಟೆಯಾದರೂ ಸರಿ, ಗಂಜಿ ಪೂರ್ತಿ ಹೋಗಿರಬೇಕು. ಗಂಜಿಗೆ ಹುಳು ಬರುತ್ತದೆ. ನುಸಿಗುಳಿಗೆಯ ಬದಲು ಒಣ ಲಾವಂಚದ ಬೇರು, ಒಂದು ಹಿಡಿ ಕರಿಮೆಣಸು, ಸ್ವಲ್ಪ ಲವಂಗ ಸೇರಿಸಿ ಗಂಟು ಕಟ್ಟಿ ಬೀರುವಿನ ಮೂಲೆಯಲ್ಲಿಡಿ. ಸೀರೆಗೆ ತಾಗಿಸಿ ಇಡಬೇಡಿ. ವಾಸನೆ ಕಡಿಮೆಯಾಯಿತು ಅನ್ನಿಸಿದಾಗ ಬದಲಾಯಿಸಿ. ಧಾರೆ ಸೀರೆ ಎಲ್ಲಕ್ಕಿಂತ ಮೇಲೆ ಇರಲಿ, ಅದರ ಮೇಲೆ ಇನ್ನೊಂದು ಸೀರೆಯ ಭಾರ ಹೇರಬೇಡಿ. ಮದುವೆಯ ದಿನ ಮಳೆಗಾಲದಲ್ಲಿ ಬಂದರೆ ಗಾಳಿಗೆ ಹಾಕುವುದನ್ನು ಒಣ ದಿನಕ್ಕೆ ಮುಂದೂಡಿ.

ಉಡುಗೊರೆ ಏನು ಕೊಡಲಿ ಅಂತ ಹುಡುಗರು ಫೋನಿನಲ್ಲಿ ಪಟ್ಟಿ ಹುಡುಕುತ್ತಾರೆ. ಪಾಶ್ಚಾತ್ಯರ ಪಟ್ಟಿ ಅದು. ಮೊದಲ ವರ್ಷ ಕಾಗದ, 10ಕ್ಕೆ ತವರ, 25ಕ್ಕೆ ಬೆಳ್ಳಿ, 50ಕ್ಕೆ ಚಿನ್ನ. ನಮ್ಮಲ್ಲಿ ದೊಡ್ಡದಾಗಿ ಮಾಡುವುದು ಗಂಡನಿಗೆ 60 ತುಂಬಿದಾಗ, ಷಷ್ಟ್ಯಬ್ದಿ. ಅವತ್ತು ಮತ್ತೆ ಮಾಂಗಲ್ಯ ಕಟ್ಟಿಸುತ್ತಾರೆ. ನಮ್ಮವರಿಗೆ 60 ಆದಾಗ ನಾನು ಹೊಸ ಸೀರೆ ಬೇಡ ಅಂದೆ, ಧಾರೆ ಸೀರೆಯನ್ನೇ ಉಟ್ಟೆ. ಒಂದು ಎಳೆ ಹೋಗಿರಲಿಲ್ಲ.

ಆ ಪಟ್ಟಿಯಲ್ಲಿ ಎರಡನೇ ವರ್ಷಕ್ಕೆ ಹತ್ತಿ ಅಂತ ಇದೆ. ಅದು ನನಗೆ ಒಪ್ಪಿಗೆ. ಹೊಸದಾಗಿ ಮದುವೆಯಾದವರಿಗೆ ನಾನು ಈಗ ಕೊಡುವುದು ಒಂದೇ. ಹಳೇ ಪಂಚೆಯನ್ನು ಬಿಸಿನೀರಿನಲ್ಲಿ ಎರಡು ಸಲ ಒಗೆದು, ಸೀರೆ ಸಡಿಲವಾಗಿ ಹಿಡಿಯುವ ಚೀಲ ಹೊಲಿದು ಕೊಡುತ್ತೇನೆ, ಜೊತೆಗೆ ಒಂದು ಲಾವಂಚದ ಗಂಟು. ತಂಗಿಯ ಮಗಳಿಗೂ ಅವತ್ತೇ ಹೊಲಿದುಕೊಟ್ಟೆ. ಹರಿದ ಸೆರಗಿನ ಹಿಂದೆ ಅದೇ ಬಣ್ಣದ ತೆಳು ರೇಷ್ಮೆ ಇಟ್ಟು ಸಣ್ಣ ಟಾಕು ಹಾಕಿಸಿದ್ದಾಳೆ, ಮುಂದಿನ ವರ್ಷ ಉಡಬಹುದು. ಚೀಲದ ಬಾಯಿಗೆ ನೂಲಿನ ದಾರ ಸಾಕು, ಜಿಪ್ ಬೇಡ.