ಮೇಲ್ಮಣ್ಣು ಮಾರಿದವನ ಕೋರೆ

ನನ್ನ ಕೆಂಪುಕಲ್ಲಿನ ಕೋರೆಯ ಪಾಸು, ರಾಯಲ್ಟಿ ಕಟ್ಟಿದ ರಶೀದಿ, ಪರಿಸರ ಅನುಮತಿಯ ಪ್ರತಿ, ಸರ್ವೆ ನಕ್ಷೆ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಬೆಳಗ್ಗಿನಿಂದ ಕಾಯುತ್ತಿದ್ದೆ. ತಪಾಸಣೆಗೆ ಬಂದ ಗಣಿ ಇಲಾಖೆಯ ಜಿಯಾಲಜಿಸ್ಟರು ಮೊದಲು ಕವರಿಗೆ ಕೈಯೇ ಹಾಕಲಿಲ್ಲ. ಕೋರೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದರು, ಸುತ್ತ ನೋಡಿದರು, ಆಮೇಲೆ "ಮೇಲ್ಮಣ್ಣ್ ಎವಿಡೆ?" ಎಂದರು. ಮಲಯಾಳದಲ್ಲಿ ಕೇಳಿದರೂ ಅರ್ಥ ಹೇಳಿಸಿಕೊಳ್ಳಬೇಕಾಗಲಿಲ್ಲ.

ಮೇಲ್ಮಣ್ಣು ಇರಲಿಲ್ಲ. ರಸ್ತೆ ಬದಿಯಲ್ಲಿ ಮನೆ ಕಟ್ಟುತ್ತಿದ್ದವರು ಅಡಿಪಾಯಕ್ಕೆ ತುಂಬಲು ಕೇಳಿದ್ದರು, ಕೊಟ್ಟಿದ್ದೆ. ಕೊಟ್ಟಿದ್ದೆ ಅಂದರೆ ಮಾರಿದ್ದೆ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವಾಗ ಸಿಗುವ ಪದವು, ಅಂದರೆ ಕಲ್ಲುನೆಲದ ಬೋಳು ಗುಡ್ಡದ ಜಾಗ. ನಾಲ್ಕು ಹಳೇ ಗೇರು ಮರ, ಉಳಿದದ್ದು ಮುಳಿಹುಲ್ಲು. ಅಡಿಕೆ ಕೈಕೊಟ್ಟ ವರ್ಷ ಅಲ್ಲಿ ಕೆಂಪುಕಲ್ಲು ಕಡಿಸಲು ಹೊರಟೆ. ನಮ್ಮ ಕಡೆ ಹಿಂದೆಲ್ಲ ಮನೆಗೆ ಬೇಕಾದ ಕಲ್ಲನ್ನು ಸ್ವಂತ ಜಾಗದಲ್ಲೇ ಕೊಡಲಿ ಹಿಡಿದು ಕಡಿಯುತ್ತಿದ್ದರು, ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಈಗ ಹಾಗಲ್ಲ. ಐದು ಹೆಕ್ಟೇರಿಗಿಂತ ಚಿಕ್ಕ ಕೋರೆಗೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿತು. ಕೇರಳದ ಕಿರು ಖನಿಜ ನಿಯಮ 2015ರಲ್ಲಿ ಹೊಸದಾಗಿ ಬಂತು. ಮೇಲ್ಮಣ್ಣನ್ನು ಬೇರೆಯೇ ರಾಶಿ ಹಾಕಿಡಬೇಕು ಎಂದು ನನ್ನ ಅನುಮತಿಯ ಶರತ್ತುಗಳಲ್ಲೇ ಇತ್ತು. ಓದಿದ್ದೆ, ಸಹಿಯನ್ನೂ ಹಾಕಿದ್ದೆ.

ಆಳದ ವಿಷಯದಲ್ಲೂ ಸ್ವಲ್ಪದರಲ್ಲಿ ಪಾರಾದೆ. ಆಗಿನ ಕಾನೂನಿನಂತೆ ಜಂಬಿಟ್ಟಿಗೆಯ, ಅಂದರೆ ಈ ಕೆಂಪುಕಲ್ಲಿನ, ತೆರೆದ ಕೋರೆ ಆರು ಮೀಟರ್ ದಾಟಬಾರದಿತ್ತು, ಒಂದು ದಿನಕ್ಕೆ ಐವತ್ತಕ್ಕಿಂತ ಹೆಚ್ಚು ಆಳು ಇರಬಾರದಿತ್ತು, ಸಿಡಿಮದ್ದು ಬಳಸಬಾರದಿತ್ತು. ಇದರಲ್ಲಿ ಒಂದು ತಪ್ಪಿದರೂ 1952ರ ಗಣಿ ಕಾಯಿದೆ ಪೂರ್ತಿಯಾಗಿ ತಲೆಯ ಮೇಲೆ ಬರುತ್ತಿತ್ತು. ನಾನು ತಗ್ಗಿನ ಅಂಚಿನಿಂದ ಟೇಪು ಬಿಟ್ಟು ಇನ್ನೂ ಬೇಕಾದಷ್ಟು ಜಾಗ ಉಂಟೆಂದು ನೆಮ್ಮದಿಯಿಂದ ಇದ್ದೆ. ಜಿಯಾಲಜಿಸ್ಟರು ಗುಡ್ಡದ ಬದಿಯ ಅತಿ ಎತ್ತರದ ಅಂಚಿನಿಂದ ತಳದ ಅತಿ ತಗ್ಗಿನವರೆಗೆ ಅಳೆದರು. ಕಾನೂನಿನ ಲೆಕ್ಕ ಅದೇ ಆಗಿತ್ತು. ಆರು ಮೀಟರಿಗೆ ಒಂದು ಗೇಣು ಬಾಕಿ ಇತ್ತು. ಕಲ್ಲು ಕೊಯ್ಯುವ ಮೆಷಿನ್ ಇನ್ನೊಂದು ವರಸೆ ಕಲ್ಲು ಎಬ್ಬಿಸಿದ್ದರೆ ಮುಗಿಯುತ್ತಿತ್ತು.

ಕಲ್ಲು ನಿಲ್ಲಿಸಿ, ಜಾಗ ಸರಿಮಾಡಿ ತೋರಿಸಿ ಎಂದು ನೋಟೀಸು ಬಂತು, ಮಲಯಾಳದಲ್ಲಿ. ಕನ್ನಡಿಗರಿಗೆ ಇಲ್ಲಿ ಹಾಗೊಂದು ಹಕ್ಕಿದೆಯಲ್ಲ, ಉತ್ತರವನ್ನು ಕನ್ನಡದಲ್ಲೇ ಬರೆದು ಕೊಟ್ಟೆ. ತೆಗೆದುಕೊಂಡರು.

ಮೊದಲ ವರ್ಷ ಮಾಡಿದ್ದೆಲ್ಲ ತಪ್ಪು. ಕಲ್ಲಿನ ಕೆಳಗೆ ಸಿಕ್ಕಿದ ಬಿಳಿ ಶೇಡಿ ಮಣ್ಣು ಮೂಲೆಯಲ್ಲಿ ರಾಶಿ ಬಿದ್ದಿತ್ತು. ಮಣ್ಣು ತಾನೇ ಎಂದು ಅದನ್ನೇ ತಳಕ್ಕೆ ಹರಡಿಸಿ ಕಸಿ ಗೇರು ನೆಟ್ಟೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕೋರೆಯೇ ಕೆರೆಯಾಯಿತು. ಶೇಡಿ ನೀರನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ, ಗೇರಿಗೆ ಬುಡದಲ್ಲಿ ನೀರು ನಿಂತರೆ ಆಗುವುದಿಲ್ಲ. ಒಂದು ಗಿಡವೂ ಉಳಿಯಲಿಲ್ಲ.

"ಭಟ್ರೇ, ಬಾವಿ ತೋಡಿ ಅದರಲ್ಲಿ ಗೇರು ನೆಟ್ಟದ್ದಾ?" ಎಂದು ನಮ್ಮ ಹಳೇ ಕಲ್ಲಿನ ಮೇಸ್ತ್ರಿ ನಕ್ಕರು. ಮುಂದಿನ ಕೆಲಸವೆಲ್ಲ ಅವರ ಬುದ್ಧಿ. ಈ ಕಲ್ಲು ನೆಲದೊಳಗೆ ಒದ್ದೆಯಾಗಿ ಇರುವಷ್ಟು ದಿನ ಮೆದು, ಗಾಳಿ ಬಿಸಿಲು ತಾಗಿದರೆ ಗಟ್ಟಿ. ಬ್ರಿಟಿಷರ ಕಾಲದಲ್ಲಿ ಈ ಸೀಮೆ ಸುತ್ತಿ ಬರೆದ ಬುಕಾನನ್ 1807ರಲ್ಲಿ ಇದಕ್ಕೆ, ಇಟ್ಟಿಗೆಯ ಲ್ಯಾಟಿನ್ ಹೆಸರಿನಿಂದ, ಲ್ಯಾಟರೈಟ್ ಎಂದು ಹೆಸರಿಟ್ಟದ್ದೂ ಇಟ್ಟಿಗೆಯ ಹಾಗೆ ಕಡಿಯಬಹುದೆಂಬ ಕಾರಣಕ್ಕೇ. ನಾನು ತಳವನ್ನು ಎರಡು ಬೇಸಿಗೆ ಬೋಳಾಗಿ ಬಿಟ್ಟಿದ್ದೆ. ಪಿಕ್ಕಾಸು ಹಾಕಿದರೆ ಕಿಡಿ ಹಾರುತ್ತಿತ್ತು. ಕಡಿಯುವುದು ನಿಂತ ಮಳೆಗಾಲದಲ್ಲೇ ಒಡೆದು ಹಾಕಿದ್ದರೆ ಅರ್ಧ ಕೂಲಿ ಉಳಿಯುತ್ತಿತ್ತು.

ಶೇಡಿಯನ್ನೆಲ್ಲ ಎತ್ತಿಸಿ ಕೆಳಗಿನ ಮೂಲೆಗೆ ಸಾಗಿಸಿದೆವು. ಅಲ್ಲಿ ಅದು ಉಪಯೋಗಕ್ಕೇ ಬಂತು: ಆ ಮೂಲೆಯನ್ನು ತುಂಬಿಸದೆ, ಶೇಡಿ ಬಡಿದು ಮಳೆನೀರು ನಿಲ್ಲುವ ಸಣ್ಣದೊಂದು ಹೊಂಡ, ನಮ್ಮ ಮಾತಲ್ಲಿ ಮದಕ, ಮಾಡಿದೆವು. ಉಳಿದ ತಳವನ್ನು ಒಡೆದು ಅದರತ್ತ ಇಳಿಜಾರು ಕೊಟ್ಟು, ಮೊದಲು ದೊಡ್ಡ ಒಡಕು ಕಲ್ಲು, ಮೇಲೆ ಸಣ್ಣ ಚೂರು, ಅದರ ಮೇಲೆ ಮೆಷಿನ್ನಿನ ಹುಡಿ. ನೆಟ್ಟಗೆ ನಿಂತ ಗೋಡೆಗಳನ್ನು ಒಂದೂವರೆ ಮೀಟರಿನ ಮೆಟ್ಟಿಲಾಗಿ ಕಡಿಸಿದೆ.

ಮಣ್ಣು? ಮಾರಿದ್ದಕ್ಕಿಂತ ಎಷ್ಟೋ ಹೆಚ್ಚು ಕೊಟ್ಟು ತರಬೇಕಾಯಿತು, ಅದೂ ಗುಂಡಿಗಳಿಗೆ ಸಾಲುವಷ್ಟು ಮಾತ್ರ. ಉಳಿದಲ್ಲಿ ಅಡಿಕೆ ಸೋಗೆ, ಹಾಳೆ, ಸೊಪ್ಪು, ಹಟ್ಟಿಗೊಬ್ಬರ ಪದರ ಪದರವಾಗಿ ಹಾಕಿ ಕೊಳೆಯಲು ಬಿಟ್ಟೆ. ರಬ್ಬರ್ ತೋಟದಲ್ಲಿ ನೆಲ ಮುಚ್ಚಲು ಬೆಳೆಸುವ ಮ್ಯೂಕುನ ಬಳ್ಳಿ ಬಿಟ್ಟದ್ದು ಒಳ್ಳೆಯದಾಯಿತು, ಒಂದೇ ಮಳೆಗಾಲದಲ್ಲಿ ಹುಡಿಯೆಲ್ಲ ಮುಚ್ಚಿತು. ಆದರೆ ಅದು ರಾಕ್ಷಸ. ಹದಿನೈದು ದಿನಕ್ಕೊಮ್ಮೆ ಗಿಡದಿಂದ ಬಿಡಿಸದಿದ್ದರೆ ಗಿಡ ಎಲ್ಲಿತ್ತೆಂದು ಹುಡುಕಬೇಕು.

ತೆಂಗಿಗೆ ಮಾತ್ರ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹೇಳುವ ಕ್ರಮ ಹಿಡಿದೆ. ಕಲ್ಲುಜಾಗಕ್ಕೆ ಉದ್ದ, ಅಗಲ, ಆಳ ಎಲ್ಲ 1.2 ಮೀಟರಿನ ಗುಂಡಿ, ತಳಕ್ಕೆ ಎರಡು ಕಿಲೋ ಉಪ್ಪು. ಉಪ್ಪು ಕಲ್ಲನ್ನು ಮೆದು ಮಾಡುತ್ತದೆ, ಆದರೆ ನಡುವುದಕ್ಕೆ ತಿಂಗಳುಗಟ್ಟಲೆ ಮೊದಲೇ ಹಾಕಬೇಕು. ಉಪ್ಪಿನ ಮೂಟೆ ಹೊತ್ತು ಕೋರೆಗೆ ಇಳಿದಾಗ ಅಮ್ಮ, "ತಂಬಳಿಗೆ ಹಾಕಲು ಸ್ವಲ್ಪ ಉಳಿಸು ಮಗಾ" ಎಂದರು.

ಎರಡನೇ ತಪಾಸಣೆಗೆ ಬಂದವರು ಬೇರೆ ಅಧಿಕಾರಿ. ಮೆಟ್ಟಿಲು, ಮೇಲಿನ ಅಂಚಿನ ಬೇಲಿ, ಮಣ್ಣು ಎಲ್ಲ ನೋಡಿದರು. ಗಿಡ ಎಣಿಸಲಿಲ್ಲ. ಮದಕದ ಹತ್ತಿರ ಬಹಳ ಹೊತ್ತು ನಿಂತು, ಇದಕ್ಕೆ ಬೇಲಿ ಎಲ್ಲಿ, ಮಕ್ಕಳು ಈಜಲು ಇಳಿದರೆ ಯಾರು ಜವಾಬ್ದಾರಿ ಎಂದು ಕೇಳಿದರು. ಹಾಳುಬಿದ್ದ ಕೋರೆಗಳ ನೀರಲ್ಲಿ ಮಕ್ಕಳು ಹೋದ ಸುದ್ದಿ ನಾವೂ ಓದುತ್ತೇವೆ. ಎದುರು ಮಾತಾಡಲಿಲ್ಲ. ಕಲ್ಲಿನ ಕಂಬ ನೆಟ್ಟು ತಂತಿ ಎಳೆದ ಮೇಲೆ ಫೈಲು ಮುಗಿಯಿತು.

ಈ ಮಾರ್ಚಿನಲ್ಲೂ ಮದಕದಲ್ಲಿ ಮೊಣಕಾಲುದ್ದ ನೀರಿತ್ತು. ಕೆಳಗಿನ ಮನೆಯವರು ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಲ್ಲಿ ಈ ಸಲ ನೀರಿನ ಎಳೆ ದಪ್ಪ ಉಂಟಂತೆ. ಅದು ನನ್ನ ಮದಕದಿಂದಲೋ, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆ ಚೆನ್ನಾಗಿ ಬಿದ್ದದ್ದರಿಂದಲೋ, ಅವರೂ ನಾನೂ ಇನ್ನೂ ವಾದಿಸುತ್ತಿದ್ದೇವೆ.