ಕ್ವರ್ಟಿ ಫೋನ್ ಜೊತೆ ಎಂಟು ವರ್ಷ

ಕರೆಂಟ್ ಹೋದರೆ ಈಗಲೂ ನನ್ನ ಹೆಬ್ಬೆರಳು ಫೋನಿನ ಕೆಳತುದಿಗೆ ಹೋಗುತ್ತದೆ. ಅಲ್ಲಿ ಒತ್ತುವುದಕ್ಕೆ ಏನೂ ಇಲ್ಲ, ಬರೀ ಗಾಜು. ಹಳೆಯ ಫೋನಿನಲ್ಲಿ ಆ ಜಾಗದಲ್ಲಿ ಸ್ಪೇಸ್ ಕೀ ಇತ್ತು. ಅದನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಕು, ಹಿಂದಿನ ಫ್ಲ್ಯಾಶ್ ಟಾರ್ಚ್ ಥರ ಹೊತ್ತಿಕೊಳ್ಳುತ್ತಿತ್ತು.

2009ರಿಂದ 2017ರವರೆಗೆ ಅದೇ ನನ್ನ ಫೋನ್. ಕಂಪನಿ, ಮಾಡೆಲ್ ಹೆಸರು ಬೇಡ, ಮುಂದೆ ಒಂದಿಷ್ಟು ಬೈಯುವುದೂ ಇದೆ. ಬಳಸಿದವರಿಗೆ ಟಾರ್ಚ್ ವಿಷಯ ಕೇಳಿದಾಗಲೇ ಗೊತ್ತಾಗಿರುತ್ತದೆ. ಆಗ ಇಂಥ ಫೋನ್ ಕೈಯಲ್ಲಿ ಕಂಡರೆ ಎಲ್ಲರೂ ‘ಬ್ಲ್ಯಾಕ್‌ಬೆರಿನಾ?’ ಅಂತಲೇ ಕೇಳುತ್ತಿದ್ದರು. ಅಲ್ಲ, ನನ್ನದು ಸಿಂಬಿಯನ್ ಎಸ್60 ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಮ್‌ನ ಫೋನ್. ಮೇಲೆ 2.36 ಇಂಚಿನ ಅಡ್ಡ ಸ್ಕ್ರೀನ್, 320×240 ಪಿಕ್ಸೆಲ್. ಕೆಳಗಿನ ಅರ್ಧದ ತುಂಬ ಕಂಪ್ಯೂಟರಿನ ಹಾಗೆ ಅಕ್ಷರಕ್ಕೊಂದು ಕೀ, ಅದೇ ಕ್ವರ್ಟಿ ಕೀಬೋರ್ಡ್.

ಅದಕ್ಕೂ ಮೊದಲು ನನ್ನ ಹತ್ತಿರ ಇದ್ದದ್ದು ಬರೀ ನಂಬರ್ ಕೀಗಳ ಫೋನ್. ಇಂಗ್ಲಿಷಿನ ಒಂದು ‘ಎಸ್’ ಬೇಕಾದರೆ ಏಳನ್ನು ನಾಲ್ಕು ಸಲ ಕುಟ್ಟಬೇಕಿತ್ತು. ಕ್ವರ್ಟಿಯಲ್ಲಿ ಒಂದೇ ಸಲ. ಮೊದಲ ವಾರ ಎರಡು ಹೆಬ್ಬೆರಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಪ್ರತಿ ಕೀಯ ನಡುಭಾಗ ಸ್ವಲ್ಪ ಉಬ್ಬಿತ್ತು, ಹಾಗಾಗಿ ಒಂದು ಮುಗಿದು ಇನ್ನೊಂದು ಶುರುವಾಗುವುದು ಬೆರಳಿಗೇ ತಿಳಿಯುತ್ತಿತ್ತು. ಒಂದು ತಿಂಗಳು ಕಳೆಯುವ ಹೊತ್ತಿಗೆ ನೋಡದೇ ಟೈಪ್ ಮಾಡುತ್ತಿದ್ದೆ. ಮೀಟಿಂಗಿನಲ್ಲಿ ಮೇಜಿನ ಕೆಳಗೆ ಕೈ ಇಟ್ಟುಕೊಂಡು ಎಷ್ಟು ಮೆಸೇಜ್ ಕಳಿಸಿದ್ದೇನೋ! ಕಂಪ್ಯೂಟರಿನ ಹಾಗೆ ಕಾಪಿಗೆ ಕಂಟ್ರೋಲ್ ಸಿ, ಪೇಸ್ಟ್‌ಗೆ ಕಂಟ್ರೋಲ್ ವಿ ಕೂಡ ನಡೆಯುತ್ತಿತ್ತು.

ನಂಬರಿನದ್ದೇ ಗೋಳು. ಅಂಕಿಗಳಿಗೆ ಬೇರೆ ಸಾಲು ಇರಲಿಲ್ಲ, ಅಕ್ಷರದ ಕೀಗಳ ಮೇಲೇ ಸಣ್ಣದಾಗಿ ಮುದ್ರಿಸಿದ್ದರು. ಆರ್ ಅಂದರೆ 1, ಎಂ ಅಂದರೆ 0. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ‘ಒಂದನ್ನು ಒತ್ತಿ’ ಅಂದರೆ, ಹುಡುಕುವಷ್ಟರಲ್ಲಿ ಆ ಕಡೆಯ ದನಿ ಮತ್ತೆ ಮೊದಲಿನಿಂದ ಶುರು ಮಾಡಿರುತ್ತಿತ್ತು. ಇನ್ನು ಲಾಕ್ ಮಾಡುವುದು ಮರೆತರೆ ಜೇಬಿನಲ್ಲಿದ್ದುಕೊಂಡೇ ಯಾರಿಗೋ ಕಾಲ್ ಹೋಗುತ್ತಿತ್ತು.

ನನಗೆ ನಿಜವಾಗಿ ಕಷ್ಟವಾಗಿದ್ದು ಕನ್ನಡದ ವಿಷಯದಲ್ಲಿ. ಫೋನಿನಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ಯಾರಾದರೂ ಕನ್ನಡದಲ್ಲಿ ಮೆಸೇಜ್ ಕಳಿಸಿದರೆ ಸಾಲು ಸಾಲು ಡಬ್ಬಿಗಳು ಕಾಣುತ್ತಿದ್ದವು. ಇದಕ್ಕೆ ಅರ್ಧ ಪರಿಹಾರ ಸಿಕ್ಕಿದ್ದು ಒಪೆರಾ ಮಿನಿ ಅನ್ನುವ ಬ್ರೌಸರ್‌ನಲ್ಲಿ. ಅದರ ಅಡ್ರೆಸ್ ಬಾರಿನಲ್ಲಿ ‘ಒಪೆರಾ:ಕಾನ್ಫಿಗ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಒಂದು ಸೆಟ್ಟಿಂಗ್ ಪುಟ ತೆರೆಯುತ್ತಿತ್ತು. ಅದರಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್‌ಗಳಿಗೆ, ಅಂದರೆ ಕನ್ನಡದಂಥ ಲಿಪಿಗಳಿಗೆ, ಬಿಟ್‌ಮ್ಯಾಪ್ ಫಾಂಟ್ ಬಳಸಬೇಕೇ ಅನ್ನುವ ಪ್ರಶ್ನೆಗೆ ‘ಯೆಸ್’ ಕೊಟ್ಟು ಸೇವ್ ಮಾಡಬೇಕು. ಆಮೇಲೆ ಅವರ ಸರ್ವರ್ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಪುಟ ತೂಕವಾಗುತ್ತಿತ್ತು, ನಿಧಾನವಾಗಿ ಬರುತ್ತಿತ್ತು. ಆದರೆ ಒತ್ತಕ್ಷರ ಸಮೇತ ಕನ್ನಡ ಸರಿಯಾಗಿ ಕಂಡ ಮೊದಲ ದಿನ ಸುಮ್ನೆ ಯಾವ್ಯಾವುದೋ ಪುಟ ತೆಗೆದು ನೋಡಿದ್ದೇ ನೋಡಿದ್ದು.

ಓದುವುದಕ್ಕೆ ದಾರಿ ಸಿಕ್ಕಿತು, ಬರೆಯುವುದಕ್ಕೆ ಕೊನೆಯವರೆಗೂ ಸಿಗಲಿಲ್ಲ. ಕೀ ಮೇಲೆ ಅಚ್ಚಾಗಿದ್ದು ಇಂಗ್ಲಿಷ್, ನಾನು ಬರೆಯುತ್ತಿದ್ದದ್ದೂ ಇಂಗ್ಲಿಷ್ ಅಕ್ಷರದ ಕನ್ನಡ. ಅದರಿಂದ ಒಂದು ಲಾಭವೂ ಇತ್ತು ಅನ್ನಿ. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ ಹಿಡಿಯುತ್ತದೆ, ಕನ್ನಡ ಲಿಪಿ ಆದರೆ 70 ಮಾತ್ರ.

ಹೀಗೆ ಬರೆದೂ ಬರೆದೂ ಮೊದಲು ಸವೆದದ್ದು ‘ಎ’ ಕೀ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ನೋಡಿ, ಎಷ್ಟು ‘ಎ’ ಬರುತ್ತವೆ ಅಂತ ಗೊತ್ತಾಗುತ್ತದೆ. ಮೊದಲು ಅದರ ಮೇಲಿನ ಅಚ್ಚು ಅಳಿಸಿತು. ಆಮೇಲೆ ಎರಡು ಸಲ ಒತ್ತಿದರೆ ಒಂದು ಸಲ ಬೀಳುತ್ತಿತ್ತು. ಬ್ಯಾಟರಿ ತೆಗೆದು, ನಕ್ಷತ್ರದಂಥ ತುದಿಯ ಟಾರ್ಕ್ಸ್ ಸ್ಕ್ರೂಡ್ರೈವರಿನಿಂದ ಬಿಚ್ಚಿದೆ. ಕೀಗಳ ರಬ್ಬರ್ ಹಾಳೆಯ ಅಡಿಯಲ್ಲಿ ಪ್ರತಿ ಅಕ್ಷರಕ್ಕೂ ತೆಳ್ಳಗಿನ ಲೋಹದ ಒಂದೊಂದು ಪುಟ್ಟ ಬಟ್ಟಲು, ಬೋರಲು ಹಾಕಿದ ಹಾಗೆ. ಒತ್ತಿದಾಗ ಟಕ್ ಅಂತ ತಗ್ಗಿ ಸರ್ಕ್ಯೂಟ್ ಕೂಡಿಸುವುದು ಅದೇ. ‘ಎ’ ಅಡಿಯಲ್ಲಿ ಕಪ್ಪಗೆ ಕಿಟ್ಟ ಹಿಡಿದಿತ್ತು. ಇಯರ್ ಬಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿದೆ. ಮತ್ತೆರಡು ವರ್ಷ ಬಂತು. ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿಯಿತು, ಅದು ಬೇರೆ ಮಾತು.

1500 ಎಂಎಎಚ್ ಬ್ಯಾಟರಿ ಎರಡು ದಿನ ಆರಾಮಾಗಿ ಬರುತ್ತಿತ್ತು. ಹಳೆಯದಾಗಿ ಉಬ್ಬಿದಾಗ ಹಿಂದಿನ ಮುಚ್ಚಳ ತೆಗೆದು ಹೊಸದು ಹಾಕಿದೆ, ಒಂದು ನಿಮಿಷದ ಕೆಲಸ. ಕ್ಯಾಮೆರಾ ಹೆಸರಿಗೆ 2 ಮೆಗಾಪಿಕ್ಸೆಲ್. ಫೋಕಸ್ ಮಾಡುವುದೇ ಇಲ್ಲ, ಹತ್ತಿರದಿಂದ ಒಂದು ಕಾಗದದ ಫೋಟೋ ತೆಗೆದರೆ ಅಕ್ಷರ ಎಲ್ಲ ಮಸುಕು. ಅಪ್ಲಿಕೇಶನ್ ನಾಲ್ಕು ತೆರೆದರೆ ‘ಮೆಮೊರಿ ಸಾಲದು’ ಅನ್ನುವ ಗೊಣಗಾಟ. ಮೆನು ಕೀ ಒತ್ತಿ ಹಿಡಿದು ಒಂದೊಂದೇ ಮುಚ್ಚಬೇಕು.

ಇಷ್ಟಾದರೂ ಫೋನ್ ಕೈಕೊಡಲಿಲ್ಲ, ಸುತ್ತಲಿನದು ಬದಲಾಯಿತು. ಅದರ ಸ್ವಂತ ಬ್ರೌಸರ್‌ಗೆ ಹೊಸ ಸೆಕ್ಯುರಿಟಿ ಸರ್ಟಿಫಿಕೇಟ್ ಅರ್ಥವಾಗದೆ ಒಂದೊಂದೇ ಸೈಟ್ ತೆರೆಯುವುದು ನಿಂತಿತು. 2017ರ ಜೂನ್ ಕೊನೆಗೆ ಸಿಂಬಿಯನ್ ಫೋನ್‌ಗಳಲ್ಲಿ ವಾಟ್ಸ್‌ಆ್ಯಪ್ ನಿಂತಿತು. ಅಲ್ಲಿಗೆ ನಾನೂ ಟಚ್ ಸ್ಕ್ರೀನ್‌ಗೆ ಬಂದೆ, ಮುಖ ಊದಿಸಿಕೊಂಡೇ.

ಬಂದ ಮೊದಲ ದಿನವೇ ಗಾಜಿನ ಮೇಲೆ ಕನ್ನಡ ಕೀಬೋರ್ಡ್ ಬಂತು. ಒಂದು ಸಲ ತಟ್ಟಿದರೆ ಇಂಗ್ಲಿಷ್ ಕೀಗಳೆಲ್ಲ ಮಾಯ, ಆ ಜಾಗದಲ್ಲೇ ಕ, ಗ, ಚ, ಜ. ಎಂಟು ವರ್ಷ ಮೆಚ್ಚಿಕೊಂಡಿದ್ದ ಗಟ್ಟಿ ಕೀಗಳಿಗೆ ಇದೊಂದು ಮಾಡಲು ಸಾಧ್ಯವೇ ಇರಲಿಲ್ಲ ಅಲ್ವಾ ಅಂತ ಆಗ ಹೊಳೆಯಿತು. ಈ ಬರಹವನ್ನೂ ಗಾಜಿನ ಮೇಲೆಯೇ ಟೈಪ್ ಮಾಡಿದೆ. ನೋಡದೇ ಮಾಡಲು ಮಾತ್ರ ಇನ್ನೂ ಬಂದಿಲ್ಲ. ‘ಲ’ ಬದಲು ‘ಳ’ ಎಷ್ಟು ಸಲ ಬಿತ್ತೋ, ಲೆಕ್ಕ ಇಟ್ಟಿಲ್ಲ.